ಬೈಪಾಸಿನಲ್ಲಿ ಒರೆಸಿದ ನೆಲ

ಅವತ್ತು ಸುಮಿತ್ರಾ ವೈನಿಯ ಹೊಸ ಮನೆಯ ಪಡಸಾಲೆಯಲ್ಲಿ ನಾವು ಆರು ಜನ ಕೂತಿದ್ದೆವು. ವೈನಿ ನನ್ನ ದೊಡ್ಡಣ್ಣನ ಹೆಂಡತಿ. ಅಣ್ಣ ತೀರಿಹೋಗಿ ಆಗಲೇ ಹತ್ತು ವರ್ಷವಾಗಿತ್ತು. ಅವರ ಪಕ್ಕದಲ್ಲಿ ನನ್ನ ಹೆಂಡತಿ ಕುಸುಮಾ. ಎದುರಿಗೆ, ಬೆಂಗಳೂರಿನಿಂದ ತನ್ನ ಕಾರಿನಲ್ಲಿ ಬಂದಿದ್ದ ನನ್ನ ತಮ್ಮ ಸುಧೀಂದ್ರ, ಅವನ ಹೆಂಡತಿ ಮಾಧವಿ, ಕಾಲೇಜು ಓದುವ ಮಗಳು ಅದಿತಿ. ಬಾಗಿಲ ಹತ್ತಿರ ಗೋಡೆಗೊರಗಿ ನಾನು. ವಾಸ್ತುಶಾಂತಿ ಮುಗಿದಿತ್ತು, ಭಟ್ಟರು ದಕ್ಷಿಣೆ ತಗೊಂಡು ಹೋಗಿದ್ದರು, ಹೋಮದ ಹೊಗೆ ಹೊಸ ಬಣ್ಣದ ವಾಸನೆಯೊಳಗೆ ಇನ್ನೂ ಸುಳಿದಾಡುತ್ತಿತ್ತು. ಹೊರಗೆ ಶ್ರಾವಣದ ಜಿಟಿಜಿಟಿ ಮಳೆ.

ವೈನಿ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: "ಸಂಜೀಕ ಯಾರೂ ಒಲಿ ಮುಂದ ಹೋಗೂದು ಬ್ಯಾಡ. ಎದುರಿನ ಅಂಗಡಿಗೆ ಹೋಗೂಣು. ಎಲ್ಲಾರೂ. ನಾ ಟೇಬಲ್ ಹೇಳಿಟ್ಟೀನಿ."

ಸುಧೀಂದ್ರ ನಕ್ಕ.

ಆ ನಗೆಯ ಮಾತು ಆಮೇಲೆ. ಮೊದಲು ಆ ಮಳೆಗಾಲದ ಮಾತು ಹೇಳಬೇಕು. ಮೊನ್ನೆ ಸಿಂದಗಿ ಬೈಪಾಸಿನಲ್ಲಿ ಬಸ್ಸಿಳಿದೆ. ಹಸಿ ಎರೆಮಣ್ಣಿನ ವಾಸನೆ, ಎಣ್ಣೆಯಲ್ಲಿ ಕರಿಯುವ ಆಲೂಗಡ್ಡೆಯ ವಾಸನೆ, ಎರಡೂ ಕೂಡಿ ಮೂಗಿಗೆ ಬಂದವು. ಎರಡು ವರ್ಷದ ಹಿಂದಿನ ಸಿಟ್ಟು ರಸ್ತೆ ದಾಟುವುದರೊಳಗೆ ನೆತ್ತಿಗೇರಿತು.

ಆ ವರ್ಷ ನಾನು ವಾರಕ್ಕೆರಡು ಸಲ ಬಸವನ ಬಾಗೇವಾಡಿಯಿಂದ ಸಿಂದಗಿಗೆ ಬರುತ್ತಿದ್ದೆ. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತನಾದವನು, ಕೆಲಸವಿರಲಿಲ್ಲ. ವೈನಿ ಮನೆ ಕಟ್ಟಿಸುತ್ತಿದ್ದರು, ಗವಂಡಿಗಳ ಜೊತೆ ಜಗಳಾಡಲು ಒಬ್ಬ ಗಂಡಸು ಬೇಕಾಗಿತ್ತು. ಹಾಗಂತ ನಾನು ತಿಳಿದಿದ್ದೆ. ನಾನು ಬರುವುದರೊಳಗೆ ಜಗಳ ಮುಗಿಸಿ, ಗೋಡೆ ಒಡೆಸಿ, ಮತ್ತೆ ಕಟ್ಟಿಸಿಯೂ ಆಗಿರುತ್ತಿತ್ತು.

ಊರ ಹೊರಗೆ, ಬೈಪಾಸಿಗೆ ಹತ್ತಿಕೊಂಡು, ನಿನ್ನೆ ಮೊನ್ನೆಯವರೆಗೆ ಜೋಳ ಬೆಳೆಯುತ್ತಿದ್ದ ಹೊಲದಲ್ಲಿ ಬಿದ್ದ ಲೇಔಟ್ ಅದು. ಕಲ್ಲು ನೆಟ್ಟು ಪ್ಲಾಟು ಗುರುತಿಸಿದ್ದರು; ರಸ್ತೆಯೆಂದರೆ ಗರಸು ಚೆಲ್ಲಿದ ಗೆರೆ. ಬ್ಯಾಂಕಿನವರು, ಮಾಸ್ತರರು, ಕಾಳಿನ ವ್ಯಾಪಾರಿಗಳು, ಗಲ್ಫಿನಿಂದ ಮರಳಿದ ಒಂದೆರಡು ಸಾಬರ ಕುಟುಂಬಗಳು ಮನೆ ಕಟ್ಟಿಕೊಳ್ಳುತ್ತಿದ್ದರು. ಸುಧೀಂದ್ರ ಫೋನಿನಲ್ಲಿ ಕೊರೆಯುತ್ತಿದ್ದ: "ವೈನಿ, ಅದು ಊರೂ ಅಲ್ಲ, ಹೊಲಾನೂ ಅಲ್ಲ. ಅಂಥಾ ವಾಡೇದ ಮನಿ ಬಿಟ್ಟು ಈ ಪೆಟ್ಟಿಗಿಯೊಳಗ ಯಾಕ ಹೋಗ್ತೀರಿ?"

ಅವನಿಗೆ ಊರೊಳಗಿನ ಆ ಹಳೆಯ ವಾಡೆಯ ಮನೆಯೆಂದರೆ ಮೇ ತಿಂಗಳ ರಜೆ, ಅಟ್ಟದ ಮೇಲಿನ ಮಾವಿನಹಣ್ಣು. ವೈನಿಗೆ ಅದು ಭಾವಿಯ ಹಗ್ಗ, ಮಳೆಗಾಲದಲ್ಲಿ ಹಿತ್ತಲಿನ ಕೆಸರು ದಾಟಿ ಹೋಗಬೇಕಾದ ಪಾಯಿಖಾನೆ, ಎರಡು ಹೊತ್ತೂ ಹನ್ನೆರಡು ಎಲೆಗೆ ಬಡಿದ ರೊಟ್ಟಿ. ಹೊಸ ಮನೆಯ ನಕಾಶೆ ಹಾಕುವಾಗ ಅವರು ಮೊದಲು ತೋರಿಸಿದ್ದು ಪಾಯಿಖಾನೆಯ ಜಾಗವನ್ನೇ. "ನನ್ನ ಖೋಲಿಯೊಳಗ ಬೇಕು. ಬಾಗಲಾ ತಗದ್ರ ಒಳಗಿರಬೇಕು" ಅಂದಿದ್ದರು.

ಆ ವರ್ಷದ ಜೂನಿನಲ್ಲಿ ಲೇಔಟಿನ ಎದುರಿಗೆ ಆ ಅಂಗಡಿ ಬಂತು. ಬೆಂಗಳೂರು, ಪುಣೆಗಳಲ್ಲಿ ಓಣಿಗೊಂದು ಇರುವಂಥದ್ದೇ: ಪಿಜ್ಜಾ, ಬರ್ಗರ್, ಕರಿದ ಆಲೂಗಡ್ಡೆ, ಪೇಪರ್ ಲೋಟದಲ್ಲಿ ಕಾಫಿ. ನೆಲದಿಂದ ಸೂರಿನವರೆಗೆ ಗಾಜು, ಒಳಗೆ ಬೆಳ್ಳನೆಯ ಫರಸಿಯ ನೆಲ, ತಣ್ಣನೆಯ ಗಾಳಿ. ಇಂಡಿಯಿಂದ ಜನ ಮಕ್ಕಳ ಹುಟ್ಟುಹಬ್ಬಕ್ಕೆ ಜೀಪು ಮಾಡಿಕೊಂಡು ಬಂದದ್ದನ್ನು ನಾನೇ ನೋಡಿದ್ದೇನೆ. ಮುದ್ದೇಬಿಹಾಳದಲ್ಲಿ ನನ್ನ ಕೈಯಲ್ಲಿ ಕಲಿತವನೊಬ್ಬ ಹೆಂಡತಿಯನ್ನು ಬೈಕಿನ ಮೇಲೆ ಕೂಡಿಸಿಕೊಂಡು ಬಂದು, ನನ್ನನ್ನು ಕಂಡು ನಾಚಿ, "ಏನಿಲ್ರಿ ಸರ, ಹಂಗ ಸುಮ್ನ" ಅಂದಿದ್ದ.

ಎರೆಮಣ್ಣಿನ ಮಳೆಗಾಲ ಅನುಭವಿಸಿದವರಿಗೆ ಹೇಳಬೇಕಾಗಿಲ್ಲ. ಹತ್ತು ಹೆಜ್ಜೆ ನಡೆದರೆ ಚಪ್ಪಲಿಗೆ ಅರ್ಧ ಕಿಲೋ ಮಣ್ಣು ಅಂಟುತ್ತದೆ. ಹಾಗಾಗಿ ಅಂಗಡಿ ತೆರೆದ ವಾರದೊಳಗೆ ಒಂದು ಪದ್ಧತಿ ಬಿತ್ತು: ಎಲ್ಲರೂ ಗಾಜಿನ ಬಾಗಿಲಿನ ಹೊರಗೇ ಚಪ್ಪಲಿ ಬಿಟ್ಟು, ಬರಿಗಾಲಿನಲ್ಲಿ ಒಳಗೆ ಹೋಗುತ್ತಿದ್ದರು. ಹುಬ್ಬಳ್ಳಿ ಕಡೆಯ ಮ್ಯಾನೇಜರ್ ಹುಡುಗ ಗಾಬರಿಯಾದ. ಪಾದರಕ್ಷೆ ಧರಿಸಿ ಬರಬಹುದು ಎಂದು ಬೋರ್ಡು ಬರೆಸಿ ತೂಗುಹಾಕಿದ. ಜನ ಬೋರ್ಡು ಓದಿ, ತಲೆಯಾಡಿಸಿ, ಅದರ ಕೆಳಗೇ ಚಪ್ಪಲಿ ಬಿಟ್ಟರು. ಒಂದು ದಿನ ವೈನಿ ಬಾಗಿಲಲ್ಲಿ ಬಗ್ಗಿ ಚಪ್ಪಲಿ ಕಳಚುತ್ತಿದ್ದಾಗ ಅವನೇ ಓಡಿಬಂದ.

"ಮೇಡಂ, ಹಾಕ್ಕೊಂಡ ಬರ್ರಿ. ಏನೂ ಆಗಂಗಿಲ್ಲ."

"ನಿನಗ ಏನೂ ಆಗೂದಿಲ್ಲಪಾ," ಅಂದರು ವೈನಿ. "ಒರಸಾಕಿ ಆಕಿ."

ಆಕಿ ಅಂದರೆ ರೇಷ್ಮಾ. ವೈನಿ ಮೂವತ್ತು ವರ್ಷ ಸಿಂದಗಿಯಿಂದ ಮೋರಟಗಿ ಬಸ್ಸು ಹಿಡಿದು, ಆ ಕಡೆಯ ಹಳ್ಳಿಯೊಂದರಲ್ಲಿ ಮಕ್ಕಳಿಗೆ ಕಲಿಸಿದವರು. ರೇಷ್ಮಾ ಅಲ್ಲಿಯ ದರ್ಜಿಯೊಬ್ಬನ ಮಗಳು. ಮಗ್ಗಿಯನ್ನು ಉಲ್ಟಾ ಹೇಳುತ್ತಿದ್ದಳಂತೆ. ಈಗ ಇಪ್ಪತ್ತೆರಡರ ಹುಡುಗಿ, ಕೆಂಪು ಟೋಪಿ ಹಾಕಿಕೊಂಡು ಕೌಂಟರಿನಲ್ಲಿ ನಿಲ್ಲುತ್ತಿದ್ದಳು, ತನ್ನ ಪಾಳಿ ಬಂದಾಗ ನೆಲ ಒರೆಸುತ್ತಿದ್ದಳು. ಶ್ರಾವಣದಲ್ಲಿ ತನಗೆ ಕಲಿಸಿದ ಅಕ್ಕೋರು ಉಳ್ಳಾಗಡ್ಡಿ ತಿನ್ನುವುದಿಲ್ಲವೆಂದು ನೆನಪಿಟ್ಟುಕೊಂಡು, ಕೇಳದೆಯೇ ಅದಿಲ್ಲದ್ದನ್ನು ಮಾಡಿಸಿ ಕೊಡುತ್ತಿದ್ದಳು. ಕೊನೆಗೆ ಮ್ಯಾನೇಜರ್ ಬೋರ್ಡು ಕಿತ್ತು, ಚಪ್ಪಲಿ ಇಡಲು ಕಬ್ಬಿಣದ ಸ್ಟ್ಯಾಂಡು ತರಿಸಿದ.

ಗೋಡೆಗೆ ನೀರು ಹೊಡೆಸಿ ಬಂದು ವೈನಿ ಅಲ್ಲಿ ಒಂದು ತಾಸು ಕೂಡುತ್ತಿದ್ದರು. ಮೂವತ್ತು ವರ್ಷ ಸ್ಟ್ಯಾಂಡಿನಲ್ಲಿ ಬಸ್ಸು ಕಾದ ಹೆಂಗಸು ಒಂದು ದಿನವೂ ಎದುರಿನ ಹೋಟೆಲಿನಲ್ಲಿ ಕೂತು ಚಹಾ ಕುಡಿದವರಲ್ಲ. ಕುಡಿಯುವಂತಿರಲಿಲ್ಲ, ಅಲ್ಲಿ ಗಂಡಸರು ಕೂಡುತ್ತಿದ್ದರು. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ಸಂಜೆ ಮನೆ ಸೇರುವವರೆಗೆ ಅವರು ನೀರು ಕುಡಿಯುತ್ತಿರಲಿಲ್ಲ. ಯಾಕೆಂದು ನಾವು ಗಂಡಸರು ಕೇಳಿರಲಿಲ್ಲ. ಹೆಂಗಸರು ಕೇಳಬೇಕಾಗಿರಲಿಲ್ಲ. ಈ ಅಂಗಡಿಯಲ್ಲಿ ಅಗಳಿ ಸರಿಯಾಗಿ ಬೀಳುವ, ನೀರು ಬರುವ, ಒಣಗಿದ ನೆಲದ ಟಾಯ್ಲೆಟ್ಟು ಇತ್ತು. ವೈನಿ ಮೊದಲನೆಯ ದಿನ ಅಲ್ಲಿಂದ ಹೊರಬಂದು ಒಂದು ದೊಡ್ಡ ಬಾಟಲಿ ನೀರು ಕೊಂಡು ಅಲ್ಲೇ ಅರ್ಧ ಕುಡಿದರು. ನಾನು ಆಗಲೂ ಯಾಕೆಂದು ಕೇಳಲಿಲ್ಲ, ಆದರೆ ತಿಳಿಯಿತು.

ವಾಸ್ತುಶಾಂತಿಗೆ ಎಂಟು ದಿನ ಮೊದಲು, ನನ್ನೆದುರಿಗೇ, ವೈನಿ ರೇಷ್ಮಾಳನ್ನು ಕರೆದರು.

"ರೇಷ್ಮಾ, ಬರೂ ಆಯ್ತವಾರ ಸಂಜೀಕ ನಮ್ಮ ಮಂದೀನ ಕರಕೊಂಡ ಬರ್ತೀನವಾ. ಬೆಂಗಳೂರಿನಿಂದ ಬರ್ತಾರ. ಕಿಟಕಿ ಹತ್ತರದ ಉದ್ದನ್ನ ಟೇಬಲ್ ಇಡು."

"ಅಕ್ಕೋರ, ಟೇಬಲ್ ಹಿಡದಿಡೂ ರೂಲ್ಸ್ ಇಲ್ರಿ ನಮ್ಮಲ್ಲಿ. ಮೊದಲ ಬಂದೋರು ಮೊದಲ ಕೂಡ್ತಾರ." ಆಮೇಲೆ ದನಿ ತಗ್ಗಿಸಿ, "ಆದ್ರ ನಿಮಗ ಇಡ್ತೇನ್ರಿ. ಮ್ಯಾನೇಜರ್ ಕೇಳಿದ್ರ ನಾ ಹೇಳ್ತೇನಿ. ಒಂದ ಮಾತ್ರಿ, ಅವತ್ತ ನೀವು ಏಳಬಾರ್ದು. ನಂಬರ್ ಕೂಗಿದ್ರೂ ಏಳಬಾರ್ದು. ನಾನ ತಂದಿಡ್ತೇನಿ."

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ವೈನಿ ನನ್ನ ಕಡೆ ನೋಡದೆ ಹೇಳಿದರು: "ಗೋವಿಂದ, ನಾ ಮದಿವ್ಯಾಗಿ ಬಂದಾಗಿಂದ ನಿಮ್ಮ ಮಂದಿ ಕೂತ ಪಂಕ್ತಿಯೊಳಗ ಒಮ್ಮೆನೂ ಕೂತಿಲ್ಲ ನೋಡು. ಬಡಸೂದ ಆತು. ಎಲ್ಲಾರ ಜೋಡಿ ಒಂದ ಸಲ ಕೂತ ಉಣಬೇಕು. ಅದಕ್ಕ."

ನಾನು ಲೆಕ್ಕದ ಮಾಸ್ತರ. ಆ ಲೆಕ್ಕ ನನಗೆ ಎಂದೂ ಹೊಳೆದಿರಲಿಲ್ಲ. ಎಂಟನೆಯ ಇಯತ್ತೆಯಲ್ಲಿದ್ದಾಗಿನಿಂದ ಅವರ ಕೈಯ ರೊಟ್ಟಿ ತಿಂದವನು ನಾನು. ಅವರು ಒಲೆಯ ಬುಡದಲ್ಲಿ ಕಡೆಗೆ ಕೂತು, ಆರಿದ್ದನ್ನು ತಿನ್ನುವುದು ಹಂಚು ಕಪ್ಪಗಿರುವಷ್ಟೇ ಸಹಜವೆಂದುಕೊಂಡಿದ್ದೆ.

ಶನಿವಾರ ಸಂಜೆ ಸುಧೀಂದ್ರನ ಕಾರು ಬಂತು. ಬಂದವನೇ ಬೈಪಾಸಿನ ಆ ಕಡೆ ಚಪ್ಪಲಿ ಸಾಲು ನೋಡಿ, ಹೋಗಿ ಫೋಟೋ ಹೊಡೆದು, ಮನೆಮಂದಿಯ ಗ್ರೂಪಿಗೆ ಹಾಕಿದ. ಕೆಳಗೆ ಬರೆದಿದ್ದ: ಸಿಂದಗಿಯ ಹೊಸ ದೇವಸ್ಥಾನ, ದರ್ಶನಕ್ಕೆ ಸರದಿ. ಪುಣೆಯ ಸೋದರತ್ತೆಯ ಮಕ್ಕಳು, ಹೈದರಾಬಾದಿನ ಮಾವನವರು ಎಲ್ಲರೂ ಕಣ್ಣೀರು ಬರುವಂತೆ ನಗುವ ಮುಖಗಳನ್ನು ಕಳಿಸಿದರು. ವೈನಿಯೂ ಆ ಗ್ರೂಪಿನಲ್ಲಿದ್ದರು. ರೇಷ್ಮಾಗೆ ಮತ್ತೊಮ್ಮೆ ಹೇಳಿಬರಲು ಅದೇ ಹೊತ್ತಿಗೆ ಅಲ್ಲಿ ಹೋಗಿದ್ದರಂತೆ. ಫೋನು ನನ್ನ ಮುಂದೆ ಹಿಡಿದು, "ಈ ನೀಲಿ ಪಟ್ಟೀವು ನನ್ನವು" ಅಂದರು. ಅಷ್ಟೇ.

ಇನ್ನು ಆ ಭಾನುವಾರದ ನಗೆ.

"ಏನ್ ವೈನಿ, ಇದನ್ನ ತಿನ್ನಲಿಕ್ಕೆ ಇಷ್ಟು ದೂರ ಬರಬೇಕಾ ನಾವು?" ಅಂದ ಸುಧೀಂದ್ರ. "ನಮ್ಮ ಅಪಾರ್ಟ್‌ಮೆಂಟ್ ಕೆಳಗೇ ಮೂರು ಅವ. ನಾವು ಅಲ್ಲಿ ಕಾಲಿಡೂದಿಲ್ಲ."

ಮಾಧವಿ ಬೆಂಗಳೂರಲ್ಲೇ ಹುಟ್ಟಿ ಬೆಳೆದವಳು. ಕೆಟ್ಟವಳಲ್ಲ, ಪ್ರೀತಿಯಿಂದಲೇ ವೈನಿಯ ಕೈ ಹಿಡಿದಳು. "ಅಕ್ಕಾ, ಇಂಥ ಊರಿಗೂ ಇದೆಲ್ಲ ಬಂದ್ಬಿಡ್ತಲ್ಲ ಅಂತ ನಂಗೆ ಹೊಟ್ಟೆ ಉರಿಯುತ್ತೆ. ನಿಮ್ಮ ಕೈ ರೊಟ್ಟಿ ಇರುವಾಗ ಆ ಮೈದಾ ಯಾರಿಗೆ ಬೇಕು? ನೀವು ರೊಟ್ಟಿ ಬಡಿಯೋದನ್ನ ಅದಿತಿ ನೋಡ್ಲಿ ಅಂತಾನೇ ಕರ್ಕೊಂಡು ಬಂದಿದ್ದೀನಿ."

"ರೊಟ್ಟಿ ನಾಳಿಗೂ ಬಡೀಲಿಕ್ಕೆ ಬರ್ತದವಾ. ಇವತ್ತ ಒಬ್ಬಾಕಿಗೆ ಮಾತ ಕೊಟ್ಟೀನಿ."

"ಯಾರಿಗೆ?"

"ಅಲ್ಲಿ ಕೆಲಸಾ ಮಾಡೂ ಹುಡಿಗಿಗೆ. ನನ್ನ ಕಡೆ ಕಲತಾಕಿ."

"ಅಯ್ಯ ವೈನಿ!" ಸುಧೀಂದ್ರ ಮತ್ತೆ ನಕ್ಕ. "ಕಂಪನಿ ಅಂಗಡಿಗೆ ಮಾತು ಕೊಡೂದೇನು? ಅವರಿಗೆ ನೀವು ಒಂದು ನಂಬರ್ ಅಷ್ಟ."

ಆಗ ವೈನಿ ನನ್ನ ಕಡೆ ನೋಡಿದರು. ಮನೆಗೆ ಈಗ ಹಿರಿಯ ಗಂಡಸು ನಾನು. ನಾನೊಂದು ಮಾತು ಆಡಿದ್ದರೆ ಸುಧೀಂದ್ರ ಗೊಣಗುತ್ತಲಾದರೂ ಎದ್ದು ಹೊರಡುತ್ತಿದ್ದ. ನಾನು ಕಿಟಕಿಯ ಹೊರಗೆ ನೋಡಿ, "ಮಳೀನೂ ಹತ್ತೇದ… ನೋಡ್ರಿ, ನಿಮ್ಮ ಇಷ್ಟ" ಅಂದೆ. ನಡುವೆ ಇದ್ದದ್ದು ಒಂದು ರಸ್ತೆ. ಮನೆಯಲ್ಲಿ ನಾಲ್ಕು ಛತ್ರಿಗಳಿದ್ದವು.

ಸಂಜೆ ಏಳಕ್ಕೆ ವೈನಿ ಹೊಸ ಅಡುಗೆಮನೆಯಲ್ಲಿ ಜೋಳದ ಹಿಟ್ಟು ನಾದಲು ಕೂತರು. ಉಳುಕಿದ್ದ ಬಲಗೈ ಮಣಿಕಟ್ಟಿಗೆ ಸುತ್ತಿದ್ದ ಬಟ್ಟೆಯ ಪಟ್ಟಿಯನ್ನು ಹಿಟ್ಟು ಹತ್ತೀತೆಂದು ತಾವೇ ಬಿಚ್ಚಿ, ಮಡಿಚಿ, ಕಟ್ಟೆಯ ಮೇಲಿಟ್ಟರು. ಡಾಕ್ಟರು ಆ ಕೈಗೆ ಮೂರು ತಿಂಗಳು ವಿಶ್ರಾಂತಿ ಹೇಳಿದ್ದು ನನಗೆ ಗೊತ್ತಿತ್ತು. ದವಾಖಾನೆಗೆ ಕರೆದೊಯ್ದವನೇ ನಾನು. ಕುಸುಮಾ ನಾ ಬಡಿತೀನಿ ಅಂತ ಹೋದಳು. ಮಾಧವಿ, "ಬೇಡ ಕುಸುಮಕ್ಕ, ಅಕ್ಕಂದೇ ಬೇಕು" ಅಂತ ಕೂಡಿಸಿದಳು. ಅದಿತಿ ಫೋನು ಹಿಡಿದು, "ದೊಡ್ಡಮ್ಮಾ, ಇನ್ನೊಂದ್ಸಲ ಬಡೀರಿ, ಸೌಂಡ್ ಸರಿಯಾಗಿ ಬರ್ಲಿಲ್ಲ" ಅಂದಳು. ವೈನಿ ಇನ್ನೊಮ್ಮೆ ಬಡಿದರು.

ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ, ಉಬ್ಬಿದ ಬಿಸಿ ರೊಟ್ಟಿ. ನಾವು ಐದು ಜನ ಸಾಲಾಗಿ ಕೂತು ತಿಂದೆವು. ಸುಧೀಂದ್ರ ಕಣ್ಣು ಮುಚ್ಚಿ, "ಇದು ನೋಡು ಊಟ ಅಂದ್ರ" ಅಂದ. ನಾನು ಎಷ್ಟು ತಿಂದೆ? ಐದು. ಐದನೆಯದನ್ನು ಕೇಳಿ ಹಾಕಿಸಿಕೊಂಡೆ. "ವೈನಿ, ಇನ್ನೊಂದು. ಬಿಸೀದು" ಅಂದೆ.

ಆಗ ಕಟ್ಟೆಯ ಮೇಲಿದ್ದ ಫೋನು ಬಡಿದುಕೊಂಡಿತು. ವೈನಿಯ ಕೈ ಹಿಟ್ಟಾಗಿತ್ತು. ನಾನು ಎದ್ದು ಎಡಗೈಯಿಂದ ಅದನ್ನೆತ್ತಿ ಅವರ ಕಿವಿಗೆ ಹಿಡಿದೆ. ಆ ಕಡೆಯ ಮಾತು ನನಗೂ ಕೇಳಿಸಿತು.

"ಅಕ್ಕೋರ, ಟೇಬಲ್ ಹಿಡದೇನ್ರಿ. ಮಂದಿ ನಿಂತಾರ್ರಿ ಹೊರಗ, ಮ್ಯಾನೇಜರ್ ಎರಡ ಸಲ ಕೇಳಿದ್ರು. ಬರಾಕತ್ತೀರೇನ್ರಿ?"

ವೈನಿ ಹಂಚಿನ ಮೇಲಿನ ರೊಟ್ಟಿ ಮಗುಚಿದರು. "ಇಲ್ಲವಾ. ಬಿಟ್ಟಕೊಡು. ಮಂದಿ ಕೂಡ್ಲಿ."

"ಹೂಂ… ಆತ್ರಿ ಅಕ್ಕೋರ."

ನಾನು ಕೇಳಿದ್ದ ಆ ಐದನೆಯ ರೊಟ್ಟಿ ನನ್ನ ತಾಟಿಗೆ ಬಿತ್ತು. ನಾನು ಅದನ್ನೂ ತಿಂದೆ. ನಾವೆಲ್ಲ ಎದ್ದು ಕೈತೊಳೆದ ಮೇಲೆ ವೈನಿ ಅಲ್ಲೇ ಗ್ಯಾಸಿನ ಪಕ್ಕದಲ್ಲಿ, ಹೊಸ ಮನೆಯಲ್ಲೂ, ಕಡೆಗೆ ಕೂತರು.

ಮರುದಿನ ಹನ್ನೊಂದಕ್ಕೆ ಬೆಂಗಳೂರಿನವರು ಹೊರಟರು. ಡಿಕ್ಕಿಯಲ್ಲಿ ಬಿಳಿ ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿಯ ಗಂಟು. ಕುಸುಮಾ ವೈನಿಯ ಜೊತೆ ಉಳಿದಳು; ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಡುವುದಾಗಿ ಹತ್ತಿಸಿಕೊಂಡರು. ಕಾರು ಬೈಪಾಸ್ ಮುಟ್ಟಿತೋ ಇಲ್ಲವೋ, ಮಾಧವಿ ಹೇಳಿದಳು: "ಒಂದ್ನಿಮಿಷ ನಿಲ್ಸಿ. ಮುಂದೆ ದಾರಿಯಲ್ಲಿ ಎಲ್ಲೂ ಸರಿಯಾದ ಟಾಯ್ಲೆಟ್ ಸಿಗಲ್ಲ. ಸದ್ಯ ಇದೊಂದಿದೆ."

ಸುಧೀಂದ್ರ ಆ ಅಂಗಡಿಯ ಮುಂದೆಯೇ ಕಾರು ನಿಲ್ಲಿಸಿದ. ಮೂವರೂ ಇಳಿದು, ಚಪ್ಪಲಿ ಸ್ಟ್ಯಾಂಡು ದಾಟಿ, ಬೂಟುಗಾಲಿನಲ್ಲೇ ಒಳಗೆ ಹೋದರು. ಮಾಧವಿ ನೇರ ಹಿಂದಿನ ಬಾಗಿಲಿಗೆ. ಸುಧೀಂದ್ರ ಕೌಂಟರಿಗೆ ಒರಗಿ, ದಾರಿಗಿರಲಿ ಅಂತ ಕಾಫಿ ಮತ್ತು ಕರಿದ ಆಲೂಗಡ್ಡೆ ಹೇಳಿದ. ಕಾಲಿಡುವುದಿಲ್ಲ ಅಂದವನು! ಅವನು ಕಾಲಿಟ್ಟಲ್ಲೆಲ್ಲ, ಈಗಷ್ಟೇ ಒರೆಸಿ ಇನ್ನೂ ಹಸಿಯಿದ್ದ ಫರಸಿಯ ಮೇಲೆ, ಕರೀ ಎರೆಯ ಹೆಂಟೆ ಬಿದ್ದಿತ್ತು. ಅವನ ಹಿಂದಿನಿಂದ ರೇಷ್ಮಾ ಮಾಪು ಹಿಡಿದು ಬರುತ್ತಿದ್ದಳು.

ನಾನೂ ಕಾರಿನಿಂದಿಳಿದು, ಸ್ಟ್ಯಾಂಡಿನಲ್ಲಿ ಚಪ್ಪಲಿ ಬಿಟ್ಟು ಅವನ ಮುಂದೆ ಹೋಗಿ ನಿಂತೆ.

"ಸುಧ್ಯಾ, ಬೂಟ ಕಳಿ."

"ಏನ್ ಅಣ್ಣಾ?"

"ಬೂಟ ಕಳಿ ಅಂದೆ. ಹೊರಗ ಹೋಗಿ ಕಳದು ಬಾ."

ಅವನು ಸುತ್ತ ನೋಡಿ, ನಗಲು ಪ್ರಯತ್ನಿಸಿದ. "ಇದೇನು ಗುಡಿಯೇನು?"

"ಗುಡಿ ಅಂತ ಬರದಾಂವ ನೀ. ಇದು ಒರಸಿದ ನೆಲ. ಒರಸಿದಾಕಿ ನಿನ್ನ ಹಿಂದ ನಿಂತಾಳ. ನಿನ್ನಿ ಆ ಕಿಟಕಿ ಹತ್ತರದ ಟೇಬಲ್ ನಿನ್ನ ಸಲುವಾಗಿ ಹಿಡದಾಕೀನೂ ಆಕೀನ. ನಿನ್ನ ಫ್ಲಾಟಿನ ಕೆಳಗ ಮೂರು ಅವ, ನಿನಗ ಬ್ಯಾಸರ ಬಂದದ. ನಿನಗ ಬ್ಯಾಸರ ಬಂದದಂತ ವೈನಿಗೆ ಒಂದೂ ಇರಬಾರ್ದು! ಅರವತ್ತಾರು ವರ್ಷದಾಕಿ ಉಳಕಿದ ಕೈಲೆ ಒಲಿ ಮುಂದ ಕೂತ್ರ ನಿನಗ ಊರು ಊರಿನಂಗ ಕಾಣಸ್ತದ. ಆಕಿ ಕುರ್ಚಿ ಮ್ಯಾಲೆ ಕೂತ್ರ ಊರು ಕೆಟ್ಟಹೋತು, ಹೌದಲ್ಲೋ?"

ಅಂಗಡಿಯಲ್ಲಿದ್ದ ನಾಲ್ಕಾರು ಜನ ತಿನ್ನುವುದನ್ನು ನಿಲ್ಲಿಸಿದ್ದರು. ಸುಧೀಂದ್ರನ ಮುಖ ಕೆಂಪಾಯಿತು. "ಅಣ್ಣಾ, ನೀನೂ ಐದು ರೊಟ್ಟಿ ತಿಂದೀ ನಿನ್ನಿ" ಅಂದ, ಮೆಲ್ಲಗೆ.

ಅವನು ಎಣಿಸಿದ್ದು ಸರಿಯಾಗಿತ್ತು.

"ಇರ್ಲಿ ಬಿಡ್ರಿ ಸರ, ಒರಸ್ತೇನಿ" ಅಂದಳು ರೇಷ್ಮಾ.

ಅದಿತಿಯೊಬ್ಬಳು ಸದ್ದಿಲ್ಲದೆ ಹೊರಗೆ ಹೋಗಿ ಬೂಟು ಬಿಚ್ಚಿ, ಸ್ಟ್ಯಾಂಡಿನಲ್ಲಿಟ್ಟು ಬಂದಳು. ಮಾಧವಿ ಕರ್ಚೀಫಿನಿಂದ ಕೈ ಒರೆಸಿಕೊಳ್ಳುತ್ತ ಬಂದು, "ಏನಾಯ್ತು?" ಅಂತ ಕೇಳಿದಳು. ಬಸ್ ಸ್ಟ್ಯಾಂಡಿಗೆ ನಡೆದೇ ಹೋಗುತ್ತೇನೆಂದು ನಾನು ಅವರನ್ನು ಕಳಿಸಿಬಿಟ್ಟೆ.

ಕಾರು ಹೋದ ಮೇಲೆ ರೇಷ್ಮಾ ಕೇಳಿದಳು: "ಅಕ್ಕೋರಿಗೆ ಆರಾಮ ಇದ್ದಿಲ್ಲೇನ್ರಿ ನಿನ್ನಿ?"

"ಆರಾಮ ಇದ್ರವಾ. ಮನಿಗೆ ಮಂದಿ ಬಂದಿದ್ರು."

ಅವಳು ಮಾಪನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿದಳು. "ಮಂದಿ ಬರ್ತಾರಂತನ ಟೇಬಲ್ ಕೇಳಿದ್ರಲ್ರಿ."

ಆ ಪಿಜ್ಜಾ ನನಗೆ ಇವತ್ತಿಗೂ ಸೇರುವುದಿಲ್ಲ, ರಬ್ಬರು ಅಗಿದಂತಾಗುತ್ತದೆ. ಕಂಪನಿ ಬಂದು ನಮ್ಮನ್ನು ಉದ್ಧಾರ ಮಾಡಿತೆಂದೂ ನಾನು ಹೇಳುವುದಿಲ್ಲ. ಅದು ವ್ಯಾಪಾರಕ್ಕೆ ಬಂದದ್ದು, ವ್ಯಾಪಾರ ಬೀಳದಿದ್ದರೆ ನಾಳೆ ಗಂಟುಮೂಟೆ ಕಟ್ಟುತ್ತದೆ. ಆದರೆ ದೊಡ್ಡ ಊರಿನವರು ಹೊಟ್ಟೆತುಂಬ ತಿಂದು, ತೇಗಿ, ಆಮೇಲೆ ನಮ್ಮ ಕಡೆ ತಿರುಗಿ "ನಿಮಗ್ಯಾಕೆ ಇದು?" ಅನ್ನುತ್ತಾರಲ್ಲ, ಆ ಪ್ರಶ್ನೆಗೆ ನನ್ನ ಮೈ ಉರಿಯುತ್ತದೆ. ನಮ್ಮ ಲೇಔಟು ಅವರಿಗೆ ಕಣ್ಣಿಗೆ ಕಸ. ಅದರೊಳಗಿನ ಮನೆಯಲ್ಲಿ ಒಬ್ಬ ಹೆಂಗಸು ಮೊದಲ ಸಲ ತನ್ನ ಖೋಲಿಯ ಬಾಗಿಲನ್ನು ಒಳಗಿನಿಂದ ಹಾಕಿಕೊಂಡು ಮಲಗಿದ್ದು ಅವರ ಫೋಟೋದಲ್ಲಿ ಬರುವುದಿಲ್ಲ.

ಈ ಶ್ರಾವಣದಲ್ಲಿ ಮಾಧವಿ ವೈನಿಗೆ ಫೋನು ಮಾಡಿದ್ದಳು. ದೀಪಾವಳಿಗೆ ನಾಲ್ಕು ಜನ ಸ್ನೇಹಿತರನ್ನು ಕರೆತರುತ್ತಾರಂತೆ, ಅವರಿಗೆಲ್ಲ ರೊಟ್ಟಿ ಬಡಿಯುವುದನ್ನು ನೋಡಬೇಕಂತೆ. ಮರುದಿನವೇ ವೈನಿ ನನ್ನನ್ನು ಕರೆಸಿದರು. ಮೊನ್ನೆ ಬೈಪಾಸಿನಲ್ಲಿ ನಾನು ಬಸ್ಸಿಳಿದದ್ದು ಅದಕ್ಕೇ. ಮನೆಗೆ ಹೋಗಿ ನೋಡಿದರೆ ರೊಟ್ಟಿ ಬಡಿಯುವ ಕಲ್ಲು, ಕಬ್ಬಿಣದ ಹಂಚು, ಎರಡನ್ನೂ ತೊಳೆದು ಒರೆಸಿ ಗೋಣಿಚೀಲದಲ್ಲಿ ಹಾಕಿದ್ದರು. ರೊಟ್ಟಿ ಈಗ ಓಣಿಯ ಹೆಣ್ಣುಮಗಳೊಬ್ಬಳು ಮಾಡಿ ಮಾರುತ್ತಾಳೆ. ವೈನಿ ಅವಳ ಹತ್ತಿರವೇ ಕೊಳ್ಳುತ್ತಾರೆ. ನಾನು ಚೀಲದ ಬಾಯಿ ಹೊಲಿದೆ. ವೈನಿ ಸುಧೀಂದ್ರನ ವಿಳಾಸ ಬರೆದರು. ಸಂಜೆ ಬೆಂಗಳೂರಿನ ಬಸ್ಸಿಗೆ ಹಾಕಿ ಬಂದೆ.

ಎರಡನೆಯ ದಿನ ನಾನು, ವೈನಿ ಎದುರಿನ ಅಂಗಡಿಗೆ ಹೋದೆವು. ಸ್ಟ್ಯಾಂಡಿನಲ್ಲಿ ಚಪ್ಪಲಿ ಬಿಟ್ಟು, ಕಿಟಕಿಯ ಹತ್ತಿರ ಕೂತೆವು. ಮಾಧವಿಯ ಫೋನು ಬಂತು. ವೈನಿ ಟೇಬಲ್ಲಿನ ಮೇಲೇ ಇಟ್ಟು, ದನಿ ದೊಡ್ಡದು ಮಾಡಿದರು.

"ಅಕ್ಕಾ, ಏನೋ ಪಾರ್ಸೆಲ್ ಬಂದಿದೆ. ಎತ್ತೋಕೇ ಆಗ್ತಿಲ್ಲ, ಅಷ್ಟು ಭಾರ. ಏನಿದೆ ಅದ್ರಲ್ಲಿ?"

"ನೀ ಕೇಳಿದ್ದ ಅದರಾಗ ಅದವಾ," ಅಂದರು ವೈನಿ. "ಬಡಿಯೂದ ಒಂದ ಉಳದದ."

ಅಷ್ಟರಲ್ಲಿ ಕೌಂಟರಿನಿಂದ ನಮ್ಮ ನಂಬರು ಕೂಗಿದರು. ನಾನು ಏಳಲು ಹೋದೆ. ವೈನಿ ನನ್ನ ತೋಳು ಹಿಡಿದು ಕೂಡಿಸಿದರು. ರೇಷ್ಮಾ ತಾನೇ ತಂದಿಟ್ಟಳು.